ಹದಿನಾಲ್ಕನೇ ರೂಮಿನ ಬಿಸಿನೀರು

"ಹದಿನಾಲ್ಕನೇ ರೂಮಿಗೆ ಬಿಸಿನೀರು ಸರಿಯಾಗಿ ಬಿಡಿ ರೀ."

ನನ್ನ ಹೆಂಡತಿ ನನಗೆ ಹೇಳಿದ ಕೊನೇ ಮಾತು ಇದು. ಹೇಳಿ ಗೋಡೆ ಕಡೆ ಮಗ್ಗುಲಾದಳು. ಬೆಳಕು ಹರಿಯುವ ಮುಂಚೆ ಹೋಗಿಬಿಟ್ಟಳು.

ಇಪ್ಪತ್ತೇಳು ವರ್ಷ ಜೊತೆಗೆ ಬಾಳಿದವಳು. ಮಗಳನ್ನು ಕೇಳಲಿಲ್ಲ. ನನ್ನ ಗತಿ ಏನು ಅಂತ ಕೇಳಲಿಲ್ಲ. ಹದಿನಾಲ್ಕನೇ ರೂಮು ಅಂದಳು... "ಅಮ್ಮ ಕೊನೆಗೆ ಏನಂದ್ಳಪ್ಪ?" ಅಂತ ಮಗಳು ಅಳುತ್ತಾ ಕೇಳಿದಾಗ, "ನಿನ್ನ ಹೆಸರು ಹಿಡಿದು ಕರೆದಳು ಕಣಮ್ಮ" ಅಂದೆ. ಸುಳ್ಳು. ನಿಜ ಹೇಳೋಕೆ ನಾಲಿಗೆ ಏಳಲಿಲ್ಲ.

ನಾವಿಬ್ಬರೂ ಕೆಲಸ ಮಾಡುತ್ತಿದ್ದುದು ಒಂದೇ ಹೋಟೆಲಲ್ಲಿ. ಊಟದ ಹೋಟೆಲಲ್ಲ, ಉಳಿದುಕೊಳ್ಳೋದು. ಇಪ್ಪತ್ತೆರಡು ರೂಮು. ಅವಳು ರೂಮು ಗುಡಿಸಿ ಒರೆಸಿ ಹಾಸಿಗೆ ಹಾಸುವವಳು. ನಾನು ಹಿತ್ತಲಲ್ಲಿ ಬಾಯ್ಲರು ನೋಡಿಕೊಳ್ಳುವವನು. ದೊಡ್ಡ ಕಬ್ಬಿಣದ ಪೀಪಾಯಿ, ಕೆಳಗೆ ಸೌದೆ ಒಲೆ, ಮೇಲೆ ತಗಡಿನ ಮಾಡು. ಬೆಳಗಿನ ಜಾವ ಮೂರೂವರೆಗೆ ಒಲೆ ಹೊತ್ತಿಸಿದರೆ ಐದಕ್ಕೆಲ್ಲ ನೀರು ಕಾದಿರುತ್ತೆ.

ಎಲ್ಲ ರೂಮಿನ ಪೈಪೂ ನನ್ನ ತಲೆ ಮೇಲಿಂದಲೇ ಹೋಗೋದು. ಒಂದೊಂದಕ್ಕೂ ಒಂದೊಂದು ದನಿ. ಒಂಬತ್ತು ಶಿಳ್ಳೆ ಹೊಡೆಯುತ್ತೆ. ಹನ್ನೊಂದು ಗೊಳಗೊಳ ಅನ್ನುತ್ತೆ. ಹದಿನಾಲ್ಕು ಮೊದಲು ಟಕ್... ಟಕ್ ಟಕ್ ಅಂದು, ಆಮೇಲೆ ಸೊಯ್ ಅಂತ ಹರಿಯುತ್ತೆ. ಯಾವ ರೂಮಿನವರು ಸ್ನಾನಕ್ಕೆ ನಿಂತರು ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ.

ಹದಿನಾಲ್ಕು ಇರುವುದು ಬಾಯ್ಲರಿನ ನೇರ ಮೇಲೆ, ಮೊದಲನೇ ಮಹಡಿಯ ಕೊನೆಯಲ್ಲಿ. ಪೈಪಿನ ಸದ್ದು ಜಾಸ್ತಿ ಅಂತ ಬಂದವರು ಬೇಡ ಅನ್ನುತ್ತಿದ್ದರು. ವಾರಕ್ಕೆ ನಾಲ್ಕು ದಿನ ಖಾಲಿ.

ಸಂಜೆ ಇಬ್ಬರೂ ಜೊತೆಗೆ ಮನೆಗೆ ನಡೆಯುತ್ತಿದ್ದೆವು. ಅವಳಿಗೆ ದಾರಿಯುದ್ದಕ್ಕೂ ರೂಮಿಗೆ ಬಂದವರ ಮಾತೇ. "ದೂರದಿಂದ ಬಂದೋರು ಮೊದಲು ಹಾಸಿಗೆ ನೋಡಲ್ಲ ರೀ. ಸೀದಾ ಬಚ್ಚಲಿಗೆ ಹೋಗ್ತಾರೆ. ನಲ್ಲಿ ತಿರುಗಿಸಿ ಕೈ ಹಿಡೀತಾರೆ. ಬಿಸಿ ಬಂತೋ, ಮುಖ ಅರಳುತ್ತೆ. ಆಮೇಲೆ ಪರದೆ ಎಳೆದು ಕತ್ತಲಾಗುತ್ತಾ ನೋಡ್ತಾರೆ. ದಿಂಬು ಒತ್ತಿ ನೋಡ್ತಾರೆ. ಕೊನೆಗೆ ನನ್ನ ಕಡೆ ತಿರುಗಿ, ಯಾರೂ ಬಂದು ಬಾಗಿಲು ಬಡಿಯಲ್ಲ ತಾನೇ ಅಂತಾರೆ. ಅಷ್ಟೇ ರೀ ಬೇಕಾಗಿರೋದು."

"ಅಷ್ಟಕ್ಕೆ ದುಡ್ಡು ಸುರೀತಾರಲ್ಲ. ತಲೆ ಕೆಟ್ಟೋರು" ಅಂದಿದ್ದೆ ನಾನು.

ಅವಳು ನಕ್ಕಳು. ನನ್ನ ಮಾತು ಒಪ್ಪಿದಳು ಅಂದುಕೊಂಡೆ.

ಅವಳು ಹೋದ ಮೇಲೆ ಹದಿನಾಲ್ಕನ್ನು ಮುಚ್ಚಿದರು. ಗೋಡೆ ನೀರು ಹಿಡಿದು ಸುಣ್ಣ ಉದುರುತ್ತಿತ್ತು. ರಿಪೇರಿ ಆಗುವ ತನಕ ಯಾರಿಗೂ ಕೊಡೋದು ಬೇಡ ಅಂತ ಮ್ಯಾನೇಜರು ಬೀಗ ಹಾಕಿಸಿದರು.

ಅವಳು ಹೋಗಿ ಮೂವತ್ತೈದು ದಿನ ಆಗಿತ್ತು. ಅವತ್ತೂ ಮೂರು ಗಂಟೆಗೆ ಮನೆ ಬಿಟ್ಟೆ. ಹೋಟೆಲಿನ ಹಿತ್ತಲ ಗೇಟಿನ ಪಕ್ಕ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಅದನ್ನು ದಾಟುವಾಗ ಒಳಗೆ ಗುಳುಂ ಅಂತು. ಕಪ್ಪೆ ಇರಬೇಕು... ತಿರುಗಿ ನೋಡಲಿಲ್ಲ. ಒಲೆ ಹೊತ್ತಿಸಿ ಕೂತೆ. ಸೌದೆ ಚಟಪಟ ಅನ್ನುತ್ತಿತ್ತು.

ನೀರು ಕಾಯುತ್ತಾ ಬಂದಾಗ ತಲೆ ಮೇಲೆ... ಟಕ್.

ಟಕ್ ಟಕ್.

ಸೊಯ್...

ಕೈಯಲ್ಲಿದ್ದ ಸೌದೆ ಕೆಳಗೆ ಬಿತ್ತು.

ಮುಂದಿನ ಹಜಾರಕ್ಕೆ ಓಡಿದೆ. ರಾತ್ರಿ ಕಾವಲುಗಾರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ. ಅವನನ್ನು ನಾವೆಲ್ಲ ನಿದ್ದೆಪ್ಪ ಅಂತಲೇ ಕರೆಯೋದು.

"ಏಯ್ ನಿದ್ದೆಪ್ಪ... ಹದಿನಾಲ್ಕರಲ್ಲಿ ಯಾರಿದ್ದಾರೆ?"

"ಹದಿನಾಲ್ಕಾ? ಬೀಗ ಹಾಕಿದೆಯಲ್ಲ ಮಾರಾಯ. ಕೀ ನೋಡು, ಅಲ್ಲೇ ಮೊಳೆಯಲ್ಲಿ ನೇತಾಡ್ತಿದೆ."

"ನೀರು ಹೋಗ್ತಿದೆ."

"ನಿನಗೆ ನಿದ್ದೆಗೇಡು. ಹೋಗು, ಒಲೆ ಮುಂದೆ ಬೆಚ್ಚಗೆ ಕೂತ್ಕೋ."

ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ. ಅರ್ಧ ಗಂಟೆ ನೀರು. ಆಮೇಲೆ ನಿಶ್ಶಬ್ದ.

ದೆವ್ವ ಅಂತ ನನಗೆ ಹೊಳೆಯಲೇ ಇಲ್ಲ ನೋಡಿ. ನನಗೆ ಹೊಳೆದದ್ದು ಬೇರೆ. ಅವಳಿಗೆ ಯಾರೋ ಒಬ್ಬ ಇದ್ದಿರಬೇಕು. ತಿಂಗಳಿಗೊಮ್ಮೆ ಬಂದು ಹದಿನಾಲ್ಕರಲ್ಲೇ ಉಳಿಯುತ್ತಿದ್ದವನು. ಸಾಯುವಾಗಲೂ ಅವನ ಸ್ನಾನದ ಚಿಂತೆ ಮಾಡಿದಳು ಅಂದರೆ... ಅವನೇ ಈಗ ಕಳ್ಳತನದಿಂದ ಬರುತ್ತಿದ್ದಾನೆ. ಎರಡು ದಿನ ಅನ್ನ ಇಳಿಯಲಿಲ್ಲ.

ಅವಳ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸು ಒಬ್ಬಳಿದ್ದಾಳೆ. ಮಲಗಿದವರಿಗೆ ತೊಂದರೆ ಆಗಬಾರದು ಅಂತ ವರ್ಷಗಟ್ಟಲೆ ಪಿಸುಗುಟ್ಟಿ ಅವಳ ದನಿಯೇ ಹಾಗಾಗಿಬಿಟ್ಟಿದೆ. ಪಿಸುಮಾತು ಅಂತ ಅವಳ ಅಡ್ಡಹೆಸರು. ಬಟ್ಟೆ ಒಣಗಿಸುವ ಜಾಗದಲ್ಲಿ ಹಿಡಿದು ನಿಲ್ಲಿಸಿದೆ.

"ಹದಿನಾಲ್ಕರಲ್ಲಿ ಯಾವನಮ್ಮಾ ಇರ್ತಿದ್ದ? ನಿಜ ಹೇಳು."

ಅವಳು ಹಿಂಡಿದ ದುಪ್ಪಟಿಯನ್ನೇ ಮತ್ತೆ ಹಿಂಡಿದಳು.

"ಯಾವನೂ ಇಲ್ಲಣ್ಣ."

"ಹೆಸರು ಹೇಳು ಸಾಕು."

"ಅಯ್ಯೋ, ಯಾವನೂ ಇಲ್ಲ ಅಂದ್ನಲ್ಲ. ಅಕ್ಕನೇ."

"ಅಂದ್ರೆ?"

ಅವಳು ಆ ಕಡೆ ಈ ಕಡೆ ನೋಡಿದಳು. "ಮಧ್ಯಾಹ್ನ ಖಾಲಿ ಇದ್ರೆ ಅಕ್ಕ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳೋರು. ಮೈತುಂಬ ಬಿಸಿನೀರು ಹುಯ್ದುಕೊಳ್ಳೋರು. ಪರದೆ ಎಳೆದು ಅರ್ಧ ಗಂಟೆ ಮಲಗೋರು. ನಾನು ಹೊರಗೆ ಕಾವಲು. ಯಾರಾದ್ರೂ ಬಂದ್ರೆ ಕೆಮ್ಮಬೇಕು ಅಂತ ಮಾತಾಗಿತ್ತು."

"ಎಷ್ಟು ದಿನದಿಂದ?"

"ಒಂಬತ್ತು ವರ್ಷ ಇರಬೇಕಣ್ಣ."

"ಯಾರ್ಯಾರಿಗೆ ಗೊತ್ತು?"

"ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರಿಗೂ. ಅವರು ಕಂಡೂ ಕಾಣದ ಹಾಗೆ ಇರೋರು." ದುಪ್ಪಟಿ ಕೊಡವುತ್ತಾ ಅಂದಳು, "ನಿಮಗೊಬ್ಬರಿಗೆ ಹೇಳಬೇಡ ಅಂದಿದ್ರು."

ಒಂಬತ್ತು ವರ್ಷ! ಆ ಟಕ್ ಟಕ್ ನಾನು ಮಧ್ಯಾಹ್ನ ಎಷ್ಟು ಸಲ ಕೇಳಿದ್ದೇನೆ. ಯಾರೋ ದುಡ್ಡಿರೋರು, ಹೊತ್ತಲ್ಲದ ಹೊತ್ತಿನಲ್ಲಿ ಮೀಯುತ್ತಾರೆ ಅಂತ ಬೈದುಕೊಂಡು ಎರಡು ಸೌದೆ ಜಾಸ್ತಿ ಇಟ್ಟಿದ್ದೇನೆ.

"ಕೆಳಗೆ ನೀವು ಕೆಮ್ಮೋದು ಕೇಳಿಸ್ತಿತ್ತಂತೆ ಅಕ್ಕನಿಗೆ" ಅಂದಳು ಪಿಸುಮಾತು. "ಅದಕ್ಕೂ ನಗೋರು."

ಅದು ಇನ್ನೂ ಚುಚ್ಚಿತು. ನನ್ನ ಕೆಮ್ಮು ಕೇಳಿಸುತ್ತಿತ್ತು ಅಂದ ಮೇಲೆ ಒಂದು ಸಲ ಕಿಟಕಿಯಿಂದ ಕೂಗಬಹುದಿತ್ತಲ್ಲ? ಸಂಜೆ ದಾರಿಯಲ್ಲಿ ಊರವರದೆಲ್ಲ ಹೇಳುವವಳು ಇದೊಂದು ಹೇಳಬಹುದಿತ್ತಲ್ಲ? ನಾನೇನು ಬೇಡ ಅನ್ನುತ್ತಿದ್ದೆನಾ?

ಅನ್ನುತ್ತಿದ್ದೆನೋ ಏನೋ. ಮನೆಯಲ್ಲಿ ನೀರು ಕಾಯಿಸುವವಳು ಅವಳೇ. ಮೊದಲು ನನಗೆ, ಆಮೇಲೆ ಮಗಳಿಗೆ. ಹಂಡೆಯ ತಳದಲ್ಲಿ ಉಳಿದದ್ದು ಅವಳಿಗೆ. ಆದರೂ ಕೇಳಬೇಕಿತ್ತು. ಬಾಯಿ ಬಿಟ್ಟು ಕೇಳದೆ, ನನ್ನ ತಲೆಯ ಮೇಲೇ ಮಲಗಿ, ನನ್ನನ್ನು ಮೂರ್ಖನನ್ನಾಗಿ ಮಾಡಿದಳು.

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಎರಡು ಗಂಟೆಗೇ ಎದ್ದು ಹೋದೆ. ಈಗ ಅಲ್ಲಿ ಮೀಯುತ್ತಿರೋದೂ ಅವಳೇ, ಅನುಮಾನ ಇರಲಿಲ್ಲ. ಒಂದೇ ಒಂದು ಮಾತು ಕೇಳಬೇಕಿತ್ತು. ಸತ್ತ ಮೇಲೂ ಬರುವ ಹಾಗಿದ್ದರೆ ಮನೆಗೆ ಯಾಕೆ ಬರಲಿಲ್ಲ? ಇಷ್ಟೇ. ಹಾಸಿಗೆಯಲ್ಲಿ ಅವಳ ಜಾಗ ಹಾಗೇ ಬಿಟ್ಟು ಮಲಗುತ್ತಿದ್ದೆ ನಾನು.

ನಿದ್ದೆಪ್ಪ ಮಲಗಿದ್ದ. ಮೊಳೆಯಿಂದ ಕೀ ತೆಗೆದುಕೊಂಡು ಮೇಲೆ ಹತ್ತಿದೆ. ಉದ್ದನೆಯ ಓಣಿ. ಕೊನೆಯ ದೀಪ ಉರಿಯುತ್ತಿರಲಿಲ್ಲ. ಯಾವುದೋ ರೂಮಿನಲ್ಲಿ ಫ್ಯಾನು ಕಟಕಟ ಅನ್ನುತ್ತಿತ್ತು.

ಹದಿನಾಲ್ಕರ ಬಾಗಿಲ ಹಿಡಿಗೆ 'ತೊಂದರೆ ಕೊಡಬೇಡಿ' ಅನ್ನೋ ರಟ್ಟು ನೇತುಹಾಕಿತ್ತು. ಅದು ಒಳಗಿನವರು ಹಾಕುವಂಥದ್ದು. ಮುಚ್ಚಿದ ರೂಮಿಗೆ ಯಾರು ಹಾಕುತ್ತಾರೆ...

ಒಳಗೆ ನೀರು ಬೀಳುತ್ತಿತ್ತು. ಬಾಗಿಲ ಸಂದಿಯಿಂದ ಬಿಸಿನೀರಿನ ಹಬೆ ಬಂದು ಕಾಲಿಗೆ ತಾಗಿತು. ಸೋಪಿನ ವಾಸನೆ.

ಮೆಲ್ಲಗೆ ಬಡಿದೆ. ನೀರು ನಿಂತಿತು.

ತೊಟ್... ತೊಟ್...

ಒದ್ದೆ ಕಾಲಿನ ಸದ್ದು. ಪಚ್. ಪಚ್. ಪಚ್. ಮಂಚ ಕಿರ್ ಅಂತು.

"ಏ..." ಅಂದೆ. "ನಾನು."

ಬಾಗಿಲ ಸಂದಿಗೆ ಬಾಯಿ ಇಟ್ಟೆ.

"ನಾನು ಕಣೇ. ನಿನ್ನ ಗಂಡ."

ಆಗ ದನಿ ಬಂತು. ಅವಳದೇ. ಆದರೆ ನನ್ನ ಜೊತೆ ಮಾತಾಡುವ ದನಿ ಅಲ್ಲ. ದೂರದಿಂದ ಬಂದು ಸುಸ್ತಾಗಿ ಮಲಗಿದವರು ಕೆಲಸದವರಿಗೆ ಹೇಳುತ್ತಾರಲ್ಲ, ಹಾಗೆ.

"ಆಮೇಲೆ ಬನ್ನಿ."

ಸಿಟ್ಟಿಲ್ಲ, ಪ್ರೀತಿಯೂ ಇಲ್ಲ.

"ಒಂದೇ ಮಾತು. ಮನೆಗೆ ಯಾಕೆ ಬರ್ಲಿಲ್ಲ? ಅದೊಂದು ಹೇಳಿಬಿಡು, ಹೋಗ್ತೀನಿ."

"ಆಮೇಲೆ ಬನ್ನಿ ಅಂದ್ನಲ್ಲ."

ಬೀಗಕ್ಕೆ ಕೀ ಹಾಕಿ ತಿರುಗಿಸಿದೆ. ಬೀಗ ತೆರೆದುಕೊಂಡಿತು. ಬಾಗಿಲು ತಳ್ಳಿದೆ... ಬರಲಿಲ್ಲ. ಒಳಗಡೆಯಿಂದ ಚಿಲಕ ಹಾಕಿತ್ತು. ಭುಜ ಕೊಟ್ಟು ತಳ್ಳಿದೆ. ಅಲ್ಲಾಡಲಿಲ್ಲ.

ಕಿವಿ ಇಟ್ಟು ನಿಂತೆ. ಸ್ವಲ್ಪ ಹೊತ್ತಿಗೆ ಉಸಿರು ಕೇಳಿಸಿತು. ನಿಧಾನಕ್ಕೆ. ಆಮೇಲೆ... ಗೊರಕೆ. ಸಣ್ಣ ಗೊರಕೆ, ಬೆಕ್ಕು ಗುರುಗುಟ್ಟಿದ ಹಾಗೆ.

ಅವಳು ಗೊರಕೆ ಹೊಡೆಯುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಮಲಗಿದ ಮೇಲೆ ಅವಳು ಮಲಗುತ್ತಿದ್ದಳು. ನಾನು ಏಳುವ ಮುಂಚೆ ಎದ್ದಿರುತ್ತಿದ್ದಳು.

ಬಾಗಿಲನ್ನು ಎರಡು ಕೈಯಲ್ಲೂ ಗುದ್ದಿದೆ. "ಏಳೇ! ಏಳೇ ಮೇಲೆ!"

ಎದುರಿನ ಹನ್ನೆರಡರ ಬಾಗಿಲು ತೆರೆಯಿತು. ಬನಿಯನ್ನಿನಲ್ಲಿದ್ದ ದಪ್ಪ ಮನುಷ್ಯ.

"ಏನ್ರೀ ಇದು? ಜನ ಮಲಗೋದು ಬೇಡ್ವಾ? ಆ ಯಮ್ಮ ಆಮೇಲೆ ಬನ್ನಿ ಅಂತ ಎರಡು ಸಲ ಹೇಳಿದ್ದು ನಿಮಗೆ ಕೇಳಿಸ್ಲಿಲ್ವಾ?"

"ನಿಮಗೆ ಕೇಳಿಸ್ತಾ ಸ್ವಾಮಿ?"

"ನನಗೇನು ಕಿವುಡಾ?" ಅಂದು ಬಾಗಿಲು ಧಡಾರ್ ಅಂತ ಹಾಕಿಕೊಂಡ.

ಕೆಳಗಿಳಿದು ಬಂದೆ. ಒಲೆಯ ಮುಂದೆ ಕೂತೆ. ಮೂರೂವರೆ ಆಯಿತು. ನಾಲ್ಕಾಯಿತು. ಕಡ್ಡಿ ಗೀರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಜ್ವರ ಬಂದಾಗಲೂ ಒಲೆ ತಪ್ಪಿಸಿದವನಲ್ಲ ನಾನು. ಅವತ್ತು ತಪ್ಪಿಸಿದೆ. ಅಷ್ಟೇ ಅಲ್ಲ. ಬಾಯ್ಲರಿನ ಅಡಿಯ ಮುಚ್ಚಳ ಬಿಚ್ಚಿ, ಹಿಂದಿನ ದಿನ ಉಳಿದಿದ್ದ ನೀರನ್ನೂ ಮೋರಿಗೆ ಬಿಟ್ಟೆ. ಕೊನೆಯ ಹನಿ ಬೀಳುವ ತನಕ ನೋಡುತ್ತಾ ನಿಂತೆ. ಈಗ ಮೀಯಿ, ನೋಡೋಣ ಅಂದುಕೊಂಡೆ.

ಆರು ಗಂಟೆಗೆ ಮೇಲಿಂದ ಕೂಗಾಟ ಶುರುವಾಯಿತು. ಬಿಸಿನೀರಿಲ್ಲ, ಬಿಸಿನೀರಿಲ್ಲ. ಮ್ಯಾನೇಜರು ಚಪ್ಪಲಿ ಪಟಪಟ ಅನ್ನಿಸುತ್ತಾ ಹಿತ್ತಲಿಗೆ ಬಂದರು. ಹಿಂದೆ ಪಿಸುಮಾತು.

"ಏನಯ್ಯಾ, ಮೈ ಹುಷಾರಿಲ್ವಾ?"

"ಹುಷಾರಾಗೇ ಇದೀನಿ."

"ಮತ್ತೆ ಒಲೆ?"

"ಹೊತ್ತಿಸಲ್ಲ."

ಅವರು ಬೈಯಲು ಬಾಯಿ ತೆರೆದರು. ಆಗಲೇ ಮೇಲೆ... ಟಕ್.

ಟಕ್ ಟಕ್.

ಮೂವರೂ ತಲೆ ಎತ್ತಿದೆವು. ಸೊಯ್ ಅಂತ ಹರಿಯತೊಡಗಿತು. ಮ್ಯಾನೇಜರು ಕೈ ಎತ್ತಿ ಆ ಪೈಪು ಮುಟ್ಟಿದರು. "ಹಾ!" ಅಂತ ಹಿಂದಕ್ಕೆಳೆದುಕೊಂಡರು. ಬೆರಳಿನ ತುದಿ ಕೆಂಪಾಗಿತ್ತು. ಬಗ್ಗಿ ಒಲೆ ನೋಡಿದರು. ತಣ್ಣನೆಯ ಬೂದಿ. ಬಾಯ್ಲರಿಗೆ ಬೆರಳ ಗೆಣ್ಣಿನಿಂದ ಬಡಿದರು. ಖಾಲಿ ಡಬ್ಬದ ಹಾಗೆ ಡಣ್ ಅಂತು.

ಬೆರಳಿಗೆ ಗಾಳಿ ಊದುತ್ತಾ ಹೊರಟುಹೋದರು. ಪಿಸುಮಾತು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. "ಅಣ್ಣ... ಬಿಟ್ಟುಬಿಡಿ. ಮೀಯ್ಲಿ ಪಾಪ" ಅಂದಳು.

ನಾನು ಬಿಡಲಿಲ್ಲ. ಹದಿನಾಲ್ಕಕ್ಕೆ ನೀರು ಬಿಡುವ ವಾಲ್ವು ಹಿಡಿದು ತಿರುಗಿಸಿದೆ. ತುಕ್ಕು ಹಿಡಿದಿತ್ತು, ಕೀಚ್ ಅಂತ ಕಿರುಚಿತು. ಇನ್ನು ಸುತ್ತು ಇಲ್ಲ ಅನ್ನುವ ತನಕ ಬಿಗಿಯಾಗಿ ಮುಚ್ಚಿದೆ.

ಯಾರು ನಂಬಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನಡೆದದ್ದು ನಡೆದ ಹಾಗೆ ಬರೆದಿದ್ದೇನೆ. ಬಾಯ್ಲರಿನಲ್ಲಿ ಒಂದು ಹನಿ ನೀರಿರಲಿಲ್ಲ. ವಾಲ್ವು ಮುಚ್ಚಿತ್ತು. ನಾನು ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡು ಮನೆ ಕಡೆ ನಡೆದೆ.

ಹಿತ್ತಲ ಗೇಟು ದಾಟುವ ತನಕ ಮೇಲೆ ಹದಿನಾಲ್ಕರಲ್ಲಿ ನೀರು ಬೀಳುತ್ತಲೇ ಇತ್ತು.