ಕೆದಕಿದ ಪಾತಿ

ಮೆಲ್ಲಗೆ ನಗು ಕಣೆ. ನಿನ್ನ ಗುಂಡ ಈಗ ತಾನೆ ಕಣ್ಣು ಮುಚ್ಚಿದಾನೆ... ಇಲ್ಲ, ಹೆಗ್ಗಣ ಅಲ್ಲ. ಹಿತ್ತಲಿಗೆ ಯಾವ ಹೆಗ್ಗಣವೂ ಬಂದಿಲ್ಲ. ನಾನೇ ಅಗೆದಿದ್ದು. ಹೂಂ, ಅಷ್ಟೂ ಪಾತಿ ನಾನೇ. ಹತ್ತು ದಿನದ ಹಿಂದೆ ಬಿತ್ತಿದ್ದನ್ನ ದಿನಾ ಬೆಳಿಗ್ಗೆ ಕೆದಕಿದೆ, ನೋಡ್ದೆ, ಮತ್ತೆ ಮುಚ್ಚಿದೆ. ಯಾಕೆ ಅಂದ್ರೆ? ಮೊಳಕೆ ಬಂತಾ ಇಲ್ವಾ ಅಂತ ನೋಡಬೇಕಲ್ಲಮ್ಮ. ನೋಡದೆ ಹೇಗೆ ಗೊತ್ತಾಗುತ್ತೆ?

ಮತ್ತೆ ನಕ್ಕೆ. ನಗು, ನಗು, ನೀನು ನಕ್ಕು ಎಷ್ಟು ದಿನ ಆಯ್ತೋ. ಕೂತ್ಕೋ ಮೊದಲು. ಆಫೀಸಿಂದ ಬಂದೋಳು ಬ್ಯಾಗೂ ಇಳಿಸಿಲ್ಲ. ಇಲ್ಲೇ, ಅಡುಗೆಮನೆ ಹೊಸಿಲ ಮೇಲೆ ಕೂತ್ಕೋ, ಹಿತ್ತಲ ಗಾಳಿ ಬರುತ್ತೆ. ಟೀ ಇಡಲಾ? ಬೇಡ್ವಾ. ಸರಿ. ಅವನು ಎದ್ಮೇಲೆ ಎತ್ಕೊಂಡು ಹೋಗುವೆಯಂತೆ.

ನಿಮ್ಮಪ್ಪ ಜೀವಮಾನವೆಲ್ಲ ಫ್ಯಾನು ಮಿಕ್ಸಿ ಬಿಚ್ಚಿ ಅನ್ನ ತಿಂದೋನು ಕಣಮ್ಮ. ಅಂಗಡಿಗೊಂದು ಮೋಟರು ಬಂದ್ರೆ ಏನ್ಮಾಡ್ತಿದ್ದೆ? ಸ್ವಿಚ್ ಹಾಕಿ ಕಿವಿ ಕೊಡ್ತಿದ್ದೆ. ಅನುಮಾನ ಬಂತೋ, ಬಿಚ್ಚಿ ನೋಡ್ತಿದ್ದೆ. ಅಂಥವನಿಗೆ ಹೋಗಿ, ನೀರು ಹಾಕಿ ಸುಮ್ನೆ ಕೂತ್ಕೊಳ್ಳಿ ಅಂದ್ರೆ? ಮಹಡಿ ಮನೆ ಟೀಚರಮ್ಮ ದಿನಾ ಅದೇ ಪಾಠ. ಕಟ್ಟೆ ಮೇಲಿಂದ ಬಗ್ಗಿ ನೋಡ್ತಾರೆ, ರೀ, ಅಲ್ಲಿ ಏನ್ ಮಾಡ್ತಿದೀರ, ಸ್ಕ್ರೂಡ್ರೈವರ್ ಯಾಕೆ ಕೈಯಲ್ಲಿ, ಅಂತಾರೆ. ಏನ್ ಹೇಳ್ಲಿ? ಸಣ್ಣ ಸ್ಕ್ರೂಡ್ರೈವರ್ ಆದ್ರೆ ಬೀಜಕ್ಕೆ ನೋವಾಗಲ್ಲ, ಅಂದೆ. ಆಯಮ್ಮ ತಲೆ ಚಚ್ಕೊಂಡು ಒಳಗೆ ಹೋದ್ರು.

ಇಲ್ಲಮ್ಮ, ಎಲ್ಲಾ ಅವರು ಹೇಳಿದ ಹಾಗೇ ಮಾಡಿದೀನಿ. ನಾನೇನು ದಡ್ಡನಾ? ಹೆಂಚಿನ ಚೂರು, ಗಾರೆ ಉಂಡೆ ಎಲ್ಲಾ ಆರಿಸಿ ಎಸೆದೆ. ಸಗಣಿ ಗೊಬ್ಬರ ಬೆರೆಸಿದೆ. ಹುರುಳಿಕಾಯಿ ಬೀಜ ರಾತ್ರಿ ನೆನೆಹಾಕಿದೆ. ಬೆರಳಿನ ಒಂದು ಗೆಣ್ಣು ಆಳ, ಅಷ್ಟೇ. ಮೇಲೆ ಒಣಹುಲ್ಲು. ಇನ್ನು ನಿಮ್ಮ ಕೆಲಸ ಮುಗೀತು, ಮಿಕ್ಕಿದ್ದು ಬೀಜದ್ದು, ಅಂದ್ರು ಟೀಚರಮ್ಮ. ಅಲ್ಲೇ ನನಗೆ ಆಗದೇ ಇರೋದು. ಮಣ್ಣಿನೊಳಗೆ ಒಂದು ಸದ್ದೂ ಇಲ್ಲ. ಕಿವಿ ಇಟ್ಟು ಕೇಳಿದೀನಿ ಕಣೆ, ನಿಜವಾಗ್ಲೂ. ಏನೂ ಇಲ್ಲ. ಬದುಕಿದೆಯೋ ಸತ್ತಿದೆಯೋ ಯಾರಿಗೆ ಗೊತ್ತು?

ಇರು, ಒಂದ್ನಿಮಿಷ ಬಂದೆ.

...

ಹೂಂ, ಇದಾನೆ. ಏನಿಲ್ಲ, ಸೊಳ್ಳೆಪರದೆ ಒಂದು ಕಡೆ ಮೇಲಕ್ಕೆ ಎದ್ದಿತ್ತು. ಸರಿ ಮಾಡಿ ಬಂದೆ.

ಎಲ್ಲಿಗೆ ಬಂದೆ ನಾನು? ಬೀಜ. ಬೀಜ ಯಾವುದು ಅಂತ ನೀನು ಕೇಳಲೇ ಇಲ್ಲವಲ್ಲ. ನಿಮ್ಮಮ್ಮನದು. ಅವಳ ಪೌಡರ್ ಡಬ್ಬಿ ನೆನಪಿದೆಯಾ, ಹಸಿರು ಮುಚ್ಚಳದ್ದು? ಬೀರು ಕೆಳಗೆ ಸಿಕ್ತು. ಪೌಡರ್ ಇರುತ್ತೆ ಅಂತ ಅಲ್ಲಾಡಿಸಿದ್ರೆ ಗಲಗಲ ಅಂತು. ಒಳಗೆ ಪೊಟ್ಟಣ ಪೊಟ್ಟಣ. ಸೌತೆ, ಹೀರೆ, ಹುರುಳಿಕಾಯಿ. ಅಡುಗೆಗೆ ತಂದಿದ್ರಲ್ಲೇ ಬಲಿತಿದ್ದನ್ನ ಎತ್ತಿಟ್ಟು ಒಣಗಿಸಿದಾಳೆ. ಹಿತ್ತಲಲ್ಲಿ ನನ್ನ ಹಳೇ ಮೋಟರು ರಾಶಿ ಇತ್ತಲ್ಲ, ಅದನ್ನ ಗುಜರಿಗೆ ಹಾಕಿದ ದಿನ ಬಿತ್ತಬೇಕು ಅಂತ. ಹಾಕಿದೆ. ಅವಳು ಹೋದ್ಮೇಲೆ ಹಾಕಿದೆ... ಸರಿ ಬಿಡು. ಕಣ್ಣು ಒರೆಸ್ಕೋ. ನಾನು ಅದನ್ನ ಹೇಳೋಕೆ ಶುರು ಮಾಡಿದ್ದಲ್ಲ.

ಹೌದು, ಎಲ್ಲಾ ಮುಗೀತು. ಬಿತ್ತಿದ್ದೆಲ್ಲ ಕೊಳೀತು. ಕೆಲವು ಮೊಳಕೆ ಒಡೆದಿದ್ವು ಕಣೆ, ಬಿಳೀ ಬಾಲ ಇಷ್ಟೇ ಇಷ್ಟು. ನೋಡಿ ಎಷ್ಟು ಖುಷಿ ಆಯ್ತು ಗೊತ್ತಾ? ಮುಚ್ಚಿದೆ. ಮಧ್ಯಾಹ್ನ ಮತ್ತೆ ಅನುಮಾನ. ಇದೆಯಾ ಇನ್ನೂ? ತೆಗೆದೆ. ಬಾಲ ಮುರಿದು ಸ್ಕ್ರೂಡ್ರೈವರಿಗೆ ಅಂಟ್ಕೊಂಡಿತ್ತು.

ಹಾಗೆ ನೋಡಬೇಡ ನನ್ನ. ಒಂದು ಬಂದಿದೆ. ಸುಳ್ಳಲ್ಲ, ಒಗೆಯೋ ಕಲ್ಲಿನ ಹಿಂದೆ. ಪೊಟ್ಟಣ ಬಿಚ್ಚುವಾಗ ಒಂದು ಬೀಜ ಸಿಡಿದು ಬಿದ್ದಿರಬೇಕು, ನನಗೆ ಗೊತ್ತೇ ಇಲ್ಲ. ಇವತ್ತು ಬಕೆಟ್ ತೊಳೆಯೋಕೆ ಹೋದೋನು ನೋಡ್ತೀನಿ, ಎರಡು ಎಲೆ ಬಿಚ್ಕೊಂಡು ನಿಂತಿದೆ. ಯಾರ ಹಂಗೂ ಇಲ್ಲದ ಹಾಗೆ. ಮುಟ್ಟಿಲ್ಲಪ್ಪ, ಆಣೆಗೂ ಮುಟ್ಟಿಲ್ಲ. ಬೇರು ಇಳಿದಿದೆಯಾ ಅಂತ ಬಗ್ಗಿದೆ, ಕೈ ಹಿಂದಕ್ಕೆ ತಗೊಂಡೆ. ಬೆವರಿಬಿಟ್ಟೆ.

ಏನಂದೆ? ಗುಂಡನಾ? ಹಗಲು ಮಲಗ್ತಾನಮ್ಮ, ಚೆನ್ನಾಗಿ ಮಲಗ್ತಾನೆ. ಡಾಕ್ಟರು ಹಾಗೇ ಕೇಳ್ತಾರೆ, ಅವರಿಗೇನು. ಸಂಜೆ ನಿನ್ನ ಮನೆಗೆ ಹೋದ ತಕ್ಷಣ ಬಿದ್ದು ನಿದ್ದೆ ಹೊಡೀತಾನೆ ಅಂದ್ರೆ ಒಳ್ಳೇದೇ ಅಲ್ವಾ? ಆಡಿ ದಣಿದಿರ್ತಾನೆ. ಮಗುಚಿಕೊಳ್ಳೋದು ಕಲಿತಿದಾನಲ್ಲ, ಅದೇನು ಸಣ್ಣ ಕೆಲಸವಾ? ಮತ್ತೆ ಸೊಳ್ಳೆ. ಸೊಳ್ಳೆಯಿಂದ ಒಂದೊಂದ್ಸಲ ಎಚ್ಚರ ಆಗುತ್ತೆ. ನೀನು ಪರದೆ ತಂದುಕೊಟ್ಟೆ, ನಿಜ. ಪರದೆ ಒಳಗೂ ನುಗ್ಗುತ್ತವೆ ಹಾಳಾದವು. ಅಂಗಾಲಿಗೇ ಯಾಕೆ ಕಚ್ಚುತ್ತೆ ಅಂದ್ರೆ ನಾನೇನು ಹೇಳ್ಲಿ, ಸೊಳ್ಳೇನೇ ಕೇಳಬೇಕು.

ಇರು. ಸದ್ದೇ ಇಲ್ಲ ನೋಡು ಒಳಗೆ. ಬಂದೆ... ಕೂತಿರು, ನೀನು ಯಾಕೆ ಏಳ್ತೀಯ, ದಣಿದು ಬಂದಿದೀಯ. ನಾನು ನೋಡ್ತೀನಿ.

...

ಎದ್ದುಬಿಟ್ಟ. ಅತ್ತಿದ್ದು ಕೇಳಿಸ್ತಾ? ನಾನು ಬಾಗಿಲ ಹತ್ರ ಹೋಗೋಕೂ ಅವನು ಏಳೋಕೂ... ಬಾ ಬಾ ಬಂಗಾರ, ಅಮ್ಮ ಬಂದಿದಾಳೆ ನೋಡು. ತಗೋ. ಎತ್ಕೋ. ಹಾಗೇ ಹೆಗಲ ಮೇಲೆ ಹಾಕ್ಕೋ, ಮತ್ತೆ ಮಲಗ್ತಾನೆ. ನಿನ್ನ ಕೈಯಲ್ಲಾದ್ರೆ ಬೇಗ ಮಲಗ್ತಾನೆ.

ಸಾಕ್ಸ್ ಯಾಕೆ ಬಿಚ್ಚುತ್ತೀಯ? ಚಳಿ ಇದೆ, ಇರ್ಲಿ ಬಿಡು.

ಅಂಗಾಲನ್ನ ಏನು ಹಾಗೆ ತಿರುವಿ ತಿರುವಿ ನೋಡ್ತಿದೀಯ? ಮಣ್ಣು. ಹೌದು, ಮಣ್ಣೇ. ಎಲ್ಲೋ ತಾಗಿರುತ್ತೆ. ನೆಲಕ್ಕೆ... ಹಿತ್ತಲಿಗೆ ಕರ್ಕೊಂಡು ಹೋಗಿದ್ದೆ, ಅಲ್ಲಿ...

ನಡೆಯೋಕೆ ಬರಲ್ಲ ಅವನಿಗೆ. ಗೊತ್ತು. ನೆಲದ ಮೇಲೆ ಕಾಲೇ ಊರಿಲ್ಲ ಇನ್ನೂ, ಗೊತ್ತು ನನಗೆ.

ನನ್ನ ಕೈ ಯಾಕೆ ನೋಡ್ತೀಯ? ತೊಳೆದಿದ್ದೆ. ಉಗುರೊಳಗೆ ಹೋಗಲ್ಲ ಅದು, ಎಷ್ಟು ತಿಕ್ಕಿದ್ರೂ.

ಏನಾದ್ರೂ ಹೇಳು. ಮಗಳೇ... ಜೋರಾಗಿ ಚಿವುಟಲ್ಲ ಕಣೆ. ಇಷ್ಟೇ, ಉಗುರಿನ ತುದಿ. ಕಾಲು ಎಳ್ಕೊಂಡ್ರೆ ಸಾಕು, ಮುಖ ಕಿವುಚಿದ್ರೆ ಸಾಕು. ಮೊದಮೊದಲು ಮೂಗಿನ ಹತ್ರ ಬೆರಳು ಹಿಡೀತಿದ್ದೆ. ಉಸಿರು ತಾಗಿದ ಹಾಗೂ ಆಗುತ್ತೆ, ತಾಗದ ಹಾಗೂ ಆಗುತ್ತೆ. ಆಮೇಲೆ ಎದೆ ಮೇಲೆ ಕೈ. ನನ್ನ ಕೈಯೇ ನಡುಗ್ತಿದ್ರೆ ಯಾವುದು ನಂದು ಯಾವುದು ಅವನದು? ಅತ್ರೆ ಗೊತ್ತಾಗುತ್ತೆ. ಅತ್ರೆ ಅನುಮಾನವೇ ಇಲ್ಲ. ಅವನು ಅತ್ತ ತಕ್ಷಣ ನನ್ನ ಜೀವಕ್ಕೆ ಎಷ್ಟು ಸಮಾಧಾನ ಅಂತೀಯ... ಎತ್ತಿ ಆಡಿಸ್ತೀನಿ, ಹಾಡು ಹೇಳ್ತೀನಿ. ಮಲಗ್ತಾನೆ. ಮಲಗಿದ್ರೆ ಮತ್ತೆ ಶುರು.

ಅವತ್ತು ನೀನು ಇರಲಿಲ್ಲ. ಬಂದವರೆಲ್ಲ ಹೇಳಿದ್ದನ್ನ ಕೇಳಿದೀಯ, ನಿದ್ದೇಲೇ ಹೋದ್ರಂತೆ, ಪುಣ್ಯವಂತೆ ಅಂತ. ನಿಮ್ಮಮ್ಮ ಊಟ ಮಾಡಿ ಮಲಗಿದ್ಲು. ಆ ಫ್ಯಾನು ಕಿರಗುಟ್ಟುತ್ತೆ, ಎಚ್ಚರ ಆದೀತು ಅಂತ ನಾನೇ ಆರಿಸಿದೆ. ಪಕ್ಕದಲ್ಲೇ ಕೂತು ಮಿಕ್ಸಿ ರಿಪೇರಿ ಮಾಡ್ತಿದ್ದೆ. ಸುತ್ತಿಗೆಗೆ ಬಟ್ಟೆ ಸುತ್ಕೊಂಡಿದ್ದೆ ಕಣೆ, ಸದ್ದಾಗಬಾರದು ಅಂತ. ಟೀಚರಮ್ಮ ಬಾಗಿಲು ತಟ್ಟಿದ್ರು. ಮಲಗಿದಾಳೆ, ಪಾಪ, ದಣಿದಿದಾಳೆ, ಆಮೇಲೆ ಬನ್ನಿ ಅಂತ ಕಳಿಸಿದೆ. ಬೀದಿಯ ಯಾವ ಮನೇಲಿ ಯಾವ ಮೋಟರು ಕೆಡ್ತಿದೆ ಅಂತ ಇಲ್ಲಿ ಕೂತೇ ಹೇಳ್ತಿದ್ದೋನು ನಾನು. ಒಂದು ಮೊಳ ದೂರ... ಟೀ ಮಾಡಿ ತಂದು ಎಬ್ಬಿಸಿದಾಗಲೇ ಗೊತ್ತಾಗಿದ್ದು. ಯಾವಾಗ ನಿಂತಿತ್ತೋ. ಯಾರನ್ನ ಎಬ್ಬಿಸಬಾರದು ಅಂತ ಅಷ್ಟು ಹೊತ್ತು ಕಾವಲು ಕೂತಿದ್ದೆನೋ.

ನಿಂಗೆ ಹೇಳಬೇಕು ಅಂತಿದ್ದೆ. ಹೇಳಿದ್ರೆ ಇವನನ್ನ ಇಲ್ಲಿ ಬಿಟ್ಟು ಹೋಗಲ್ಲ ನೀನು. ಇವನೂ ಇಲ್ಲದಿದ್ರೆ ಈ ಮನೇಲಿ ಹಗಲೆಲ್ಲ...

ಯಾಕೆ ಎಲ್ಲಾ ಬಟ್ಟೆ ತುಂಬ್ಕೊಳ್ತಿದೀಯ? ಒಂದು ಜೊತೆ ಇಲ್ಲೇ ಇರ್ಲಿ ಅಂತ ನೀನೇ ಇಟ್ಟಿದ್ದಲ್ಲ. ಹಾಲಿನ ಬಾಟಲೀನೂ. ಆ ಗಿಲಕಿ...

ಬಯ್ಯಿ ಕಣೆ. ಬಾಯಿಗೆ ಬಂದ ಹಾಗೆ ಬಯ್ಯಿ, ನಾನೇನೂ ಅನ್ನಲ್ಲ. ಸುಮ್ನೆ ಮಾತ್ರ ಇರಬೇಡ. ಈ ಮನೇಲಿ ಯಾರಾದ್ರೂ ಸುಮ್ನಿದ್ರೆ ನನಗೆ ಆಗಲ್ಲ.

ಸರಿ. ಸರಿಯಮ್ಮ. ನಿದ್ದೆ ಬಂತಲ್ಲ ಅವನಿಗೆ. ಹೆಗಲ ಮೇಲೆ ಎಷ್ಟು ಹಾಯಾಗಿ... ಇಲ್ಲ, ಮುಟ್ಟಲ್ಲ. ಕೈ ಹಿಂದೆ ಕಟ್ಕೊಂಡಿದೀನಿ, ನೋಡು.

ಹಿತ್ತಲ ಕಡೆಯಿಂದ ಹೋಗು. ಒಗೆಯೋ ಕಲ್ಲಿನ ಹಿಂದೆ ಆ ಗಿಡ ಹೇಗಿದೆ ಅಂತ ಒಂದು ಸಲ ಬಗ್ಗಿ ನೋಡು. ನಾನು ಬರಲ್ಲ. ಇಲ್ಲೇ ಕೂತಿರ್ತೀನಿ. ಇದೆ ಅಂತ ಅಲ್ಲಿಂದಲೇ ಒಂದು ಮಾತು ಹೇಳಿಬಿಟ್ಟು ಹೋಗು, ಸಾಕು.

...

ಮಗಳೇ? ಇದೆಯಾ?