ಎಡಕ್ಕೆ ವಾಲಿದ ಎಂಜಿನ್

ಆಗ ರಾತ್ರಿ ಹನ್ನೊಂದೂವರೆ. ನನ್ನ ದೊಡ್ಡಮ್ಮನ ಮಗ ಮಾದರಿ ವಿಮಾನಗಳ ಕ್ಲಬ್ಬಿನ ಶೆಡ್ಡಿಗೆ ಬೀಗ ಹಾಕಿ ಮನೆಗೆ ನಡೆದು ಬರುತ್ತಿದ್ದ. ಎಡ ಕಂಕುಳಲ್ಲಿ ರೇಡಿಯೊದಿಂದ ಹಾರಿಸುವ ಸಣ್ಣ ವಿಮಾನ, ಬಲಗೈಯಲ್ಲಿ ಅದರಿಂದ ಕಳಚಿದ ರೆಕ್ಕೆ. ಹಾದಿಯಲ್ಲಿ ಒಂದು ಬಾವಿ. ಯಾರೂ ನೀರು ಸೇದದ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದನ್ನು ದಾಟಿ ನಾಲ್ಕು ಹೆಜ್ಜೆ ಇಟ್ಟಿರಬೇಕು...

ಲೊಚ್.

ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟ ಸದ್ದು. ಅಯ್ಯೋ ಪಾಪ ಎಂದು ಮರುಗುವ ಲೊಚ್ ಅಲ್ಲ. ಕೆಲಸ ಕೆಡಿಸಿದವನ ಬೆನ್ನ ಹಿಂದೆ ನಿಂತು, 'ಇವನ ಕೈಗೆ ಕೊಟ್ಟರಲ್ಲ' ಎಂದು ತಲೆ ಆಡಿಸುತ್ತ ಮಾಡುವ ಲೊಚ್.

ಹಲ್ಲಿ ಅಂದುಕೊಂಡ. ಬಾವಿಯ ಜಾಲರಿಯ ಮೇಲೆ ಹಲ್ಲಿಗೇನು ಕೆಲಸ ಎಂದು ಯೋಚಿಸಲಿಲ್ಲ. ಒಮ್ಮೆ ಅಂದುಕೊಂಡದ್ದನ್ನು ಮತ್ತೆ ಯೋಚಿಸುವ ಅಭ್ಯಾಸ ಅವನಿಗಿರಲಿಲ್ಲ. ಭಗವಂತ ಕ್ಷಮಿಸಲಿ, ಅಣ್ಣನಾದವನ ಬಗ್ಗೆ ಹೀಗೆ ಹೇಳಬಾರದು. ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ಹಳೇ ಎಂಜಿನ್ನುಗಳ ಗುರುತು ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಕ್ಲಬ್ಬಿನಲ್ಲಿ ಹೆಸರು. ಅಂಗೈಯೊಳಗೆ ಅಡಗುವಷ್ಟು ಸಣ್ಣ ಎಂಜಿನ್ನುಗಳು ಅವು. ಹೆಬ್ಬೆರಳಿನಿಂದ ಒಮ್ಮೆ ಸವರಿ, ಇದು ಇಂಥ ಕಾರ್ಖಾನೆಯದು, ಇಂಥ ವರ್ಷದ್ದು, ಪಿಸ್ಟನ್ ಬದಲಾಯಿಸಿದ್ದಾರೆ, ಬದಲಾಯಿಸಿದವನು ದಡ್ಡ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದ. ಕೊನೆಯ ಮಾತಂತೂ ಯಾವ ಎಂಜಿನ್ನಿಗೂ ತಪ್ಪುತ್ತಿರಲಿಲ್ಲ. ಎರಡನೇ ಸಲ ನೋಡುವುದು ಕಣ್ಣಿಲ್ಲದವರ ಕೆಲಸ ಎನ್ನುತ್ತಿದ್ದ. ಅದಕ್ಕೇ ಎಲ್ಲರೂ ಅವನನ್ನು ಒಂದೇನೋಟದಣ್ಣ ಎಂದು ಕರೆಯುತ್ತಿದ್ದರು. ಹೊಗಳಿಕೆ ಎಂದೇ ಅವನು ತಿಳಿದಿದ್ದ.

ಎರಡು ವರ್ಷದ ಹಿಂದೆ ಒಬ್ಬ ಲೇಥ್ ಮೇಸ್ತ್ರಿ ತಮ್ಮ ಎಂಜಿನ್ನನ್ನು ಕ್ಲಬ್ಬಿಗೆ ತಂದಿದ್ದರು. ಮೆತ್ತಗಿನ ಮನುಷ್ಯ. ಕರವಸ್ತ್ರದ ಮೇಲೆ ಇಟ್ಟು ತೋರಿಸಿದರು. ಅಣ್ಣ ಒಮ್ಮೆ ತಿರುಗಿಸಿ ನೋಡಿದ. ಹೊರಗೆಲ್ಲೂ ನಂಬರಿಲ್ಲ. ಟಕ್ಕೆಂದು ಮೇಜಿನ ಮೇಲೆ ಕುಕ್ಕಿದ.

"ನಕಲು ಮಾಲು, ಮೇಸ್ತ್ರಿಗಳೇ. ಕಾಗದ ಹಾರಿಹೋಗದ ಹಾಗೆ ಮೇಲೆ ಇಡೋಕೆ ಚೆನ್ನಾಗಿದೆ."

ಹದಿನೈದು ಜನ ನಕ್ಕರು. ಮೇಸ್ತ್ರಿ ಎಂಜಿನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ. ಮನೆಯಲ್ಲೇ ಕೂತು ಅದಕ್ಕೊಂದು ವಿಮಾನ ಕಟ್ಟಿದರು. ಹಾರಿಸಲಿಲ್ಲ. ಈ ಬೇಸಿಗೆಯಲ್ಲಿ ಎದೆನೋವು ಬಂದು ತೀರಿಕೊಂಡರು.

ಆ ವಿಮಾನವನ್ನೇ ಅವತ್ತು ಸಂಜೆ ಮೇಸ್ತ್ರಿಯ ಹೆಂಡತಿ ಶೆಡ್ಡಿಗೆ ಹೊತ್ತು ತಂದಿದ್ದರು.

"ಭಾನುವಾರ ಹಳೇ ಎಂಜಿನ್‌ಗಳನ್ನ ಹಾರಿಸ್ತೀರಂತೆ. ಇದನ್ನೂ ಒಂದ್ಸಲ ಹಾರಿಸಿ. ಒಂದೇ ಸಲ. ಅವರು ಇದರ ಮುಂದೆ ಕೂತಷ್ಟು ಹೊತ್ತು ನನ್ನ ಮುಂದೆ ಕೂತಿಲ್ಲ."

"ಬಿದ್ದರೆ?"

"ಬೀಳಿಸಬೇಡಿ. ಇನ್ನೊಂದು ಮಾಡೋಕೆ ಅವರಿಲ್ಲ."

ಅಣ್ಣ ವಿಮಾನದ ಮೂಗನ್ನು ನೋಡಿದ. ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಎಂಜಿನ್ ತಿರುಗುವ ರಭಸಕ್ಕೆ ವಿಮಾನ ಎಡಕ್ಕೆ ಎಳೆಯುತ್ತದೆ. ಅದಕ್ಕೇ ಎಂಜಿನ್ನನ್ನು ಕೂದಲೆಳೆಯಷ್ಟು ಬಲಕ್ಕೆ ವಾಲಿಸಿ ಕೂರಿಸುತ್ತಾರೆ. ಎಡಬದಿಯ ಬೋಲ್ಟುಗಳ ಹಿಂದೆ ಎರಡು ತೆಳು ವಾಷರ್ ಇಟ್ಟರೆ ಆಯಿತು. ಮೇಸ್ತ್ರಿ ಇಟ್ಟದ್ದು ಬಲಬದಿಗೆ. ಎಂಜಿನ್ ಎಡಕ್ಕೆ ವಾಲಿತ್ತು. ಸಾಲದ್ದಕ್ಕೆ ಕೈಯಲ್ಲಿ ಕೆತ್ತಿದ ಮರದ ಪ್ರೊಪೆಲ್ಲರ್, ಅದೂ ತಿರುಗುಮುರುಗು.

"ಅಮ್ಮಾ, ನಿಮ್ಮ ಯಜಮಾನರಿಗೆ ಎಡ ಯಾವುದು ಬಲ ಯಾವುದು ಗೊತ್ತಿರಲಿಲ್ವಾ?"

"ಅದು ಗೊತ್ತಿತ್ತಪ್ಪ. ಯಾರ ಮುಂದೆ ಏನು ತೋರಿಸಬೇಕು ಅನ್ನೋದು ಗೊತ್ತಿರಲಿಲ್ಲ."

ಕೋಣನ ಮುಂದೆ ಕಿನ್ನರಿ. ಅಣ್ಣನಿಗೆ ಚುಚ್ಚಲೂ ಇಲ್ಲ. ಮೇಸ್ತ್ರಿಯ ಪ್ರೊಪೆಲ್ಲರನ್ನು ಆಕೆಯ ಕೈಗೇ ವಾಪಸು ಕೊಟ್ಟು ಕಳಿಸಿದ. ವಾಷರುಗಳನ್ನು ಎಡಕ್ಕೆ ಹಾಕಿದ, ತನ್ನದೊಂದು ಪ್ರೊಪೆಲ್ಲರ್ ಬಿಗಿದ, ಇಂಧನ ತುಂಬಿ ಬೆರಳಿನಿಂದ ಬೀಸಿ ತಿರುಗಿಸಿದ. ಟಪ್! ಎಂಜಿನ್ ಹಿಂದಕ್ಕೆ ಒದೆಯಿತು. ಮತ್ತೆ ಬೀಸಿದ. ಟಪ್! ತೋರುಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಇಪ್ಪತ್ತು ಸಲ ಒದೆಸಿಕೊಂಡ ಮೇಲೆ, "ಮೇಸ್ತ್ರಿಯ ಹಾಗೇ ಇದೆ, ಮೊಂಡು" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹಾಗೆ ತಡವಾಗಿತ್ತು. ಹಾಗೆ ಬಾವಿಯ ಹತ್ತಿರ ಆ ಸದ್ದು ಕೇಳಿತ್ತು.

ಮನೆಗೆ ಬಂದು, ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ವಿಮಾನವನ್ನು ಮೇಜಿನ ಮೇಲೆ ಇಟ್ಟ. ದೀಪ ಹಾಕಿದ. ನೋಡಿದರೆ...

ಎಂಜಿನ್ ಎಡಕ್ಕೆ ವಾಲಿತ್ತು. ಎರಡೂ ವಾಷರು ಬಲಬದಿಯಲ್ಲಿದ್ದವು.

ದಣಿವಿನಲ್ಲಿ ಮರೆತಿರಬೇಕು ಎಂದುಕೊಂಡ. ಬಿಚ್ಚಿ ಮತ್ತೆ ಎಡಕ್ಕೆ ಹಾಕಿ, ಕೈ ತೊಳೆದು ಮಲಗಿದ.

ಕಣ್ಣು ಹತ್ತುವ ಹೊತ್ತಿಗೆ... ಕಿರ್. ಸ್ವಲ್ಪ ಬಿಟ್ಟು, ಕಿರ್. ಬೋಲ್ಟಿನ ಮೇಲೆ ಸ್ಪ್ಯಾನರ್ ಕಾಲು ಸುತ್ತು ತಿರುಗಿ, ತೆಗೆದು, ಮತ್ತೆ ಕೂತು, ಕಾಲು ಸುತ್ತು ತಿರುಗುವ ಸದ್ದು. ಅವಸರವೇ ಇಲ್ಲ.

ಹೆಂಡತಿ ಪಿಸುಗುಟ್ಟಿದಳು. "ರೀ... ಏನದು?"

"ಹಲ್ಲಿ."

"ಹಲ್ಲಿ ಸ್ಪ್ಯಾನರ್ ಹಿಡಿಯತ್ತಾ?"

"ಸುಮ್ನೆ ಮಲ್ಕೊ."

"ನಾನು ಮಲ್ಕೋತೀನಿ. ನೀವು ಎದ್ದು ನೋಡಿ."

ಎದ್ದು ಹೋದ. ಕತ್ತಲೆಯಲ್ಲಿ ಗೋಡೆ ತಡವಿ ಸ್ವಿಚ್ಚು ಒತ್ತಿದ. ಕೋಣೆಯಲ್ಲಿ ಯಾರೂ ಇಲ್ಲ. ವಾಷರು ಬಲಕ್ಕೆ, ಎಂಜಿನ್ ಎಡಕ್ಕೆ. ಸ್ಪ್ಯಾನರ್ ಮೇಜಿನ ಎಡತುದಿಯಲ್ಲಿತ್ತು. ಅಣ್ಣ ಯಾವತ್ತೂ ಅದನ್ನು ಬಲಕ್ಕಿಡುವವನು. ಅವನ ಹಲ್ಲುಜ್ಜುವ ಬ್ರಷ್ಷು ಕೂಡ ಬಲಕ್ಕೇ ಇರುತ್ತದೆ.

ಬೇರೆ ಯಾರಾದರೂ ಆಗಿದ್ದರೆ ದೇವರೇ ಎಂದು ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು. ನಾನಂತೂ ಹೋಗುತ್ತಿದ್ದೆ. ಜಂಬದ ಮುಂದೆ ಹೆದರಿಕೆಯೂ ಚಿಕ್ಕದು ನೋಡಿ. ಅಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತು, ಗಾಳಿಗೆ ಹೇಳಿದ:

"ಏನ್ ಮೇಸ್ತ್ರಿಗಳೇ? ಬದುಕಿದ್ದಾಗ ಕಲೀಲಿಲ್ಲ, ಸತ್ತ ಮೇಲೆ ಕಲಿಸೋಕೆ ಬಂದ್ರಾ?"

ಲೊಚ್.

ಈ ಸಲ ಎಡಗಿವಿಯ ಪಕ್ಕದಲ್ಲೇ. ಜೊತೆಗೆ ಹರಳೆಣ್ಣೆ, ಸೀಮೆಎಣ್ಣೆ, ಈಥರ್ ಮೂರೂ ಬೆರೆತ ಇಂಧನದ ವಾಸನೆ... ಬೆಚ್ಚಗೆ, ಉಸಿರಿನ ಹಾಗೆ.

ಆಮೇಲೆ ಪ್ರೊಪೆಲ್ಲರ್ ತಿರುಗಿತು. ಗಾಳಿಗೆ ತಿರುಗಿದ್ದಲ್ಲ. ಒಂದು ಬೆರಳು ಮೆಲ್ಲಗೆ ತಳ್ಳಿದ ಹಾಗೆ, ಎಲ್ಲ ಎಂಜಿನ್ನುಗಳೂ ತಿರುಗುವ ಕಡೆಗೆ ಒಂದು ಸುತ್ತು. ಸದ್ದಿಲ್ಲ. ನಿಂತಿತು. ಈಗ ಉಲ್ಟಾ ಕಡೆಗೆ ಒಂದು ಸುತ್ತು.

ಚುಪ್.

ಗಾಳಿ ಎಳೆದುಕೊಳ್ಳುವ ಸಣ್ಣ ಬಾಯಿಯ ಸದ್ದು. ಮತ್ತೆ ಸರಿ ಕಡೆಗೆ... ಸದ್ದಿಲ್ಲ. ಮತ್ತೆ ಉಲ್ಟಾ... ಚುಪ್. ಮಂದಬುದ್ಧಿಯ ಮಗುವಿಗೆ ಮೇಷ್ಟ್ರು ಒಂದೇ ಅಕ್ಷರವನ್ನು ಮತ್ತೆ ಮತ್ತೆ ತಿದ್ದಿಸುತ್ತಾರಲ್ಲ, ಹಾಗೆ. ಐದು ಸಲ, ಆರು ಸಲ...

ಅಣ್ಣ ಜಂಬಗಾರನೇ ಹೊರತು ಕೆಲಸ ಬರದವನಲ್ಲ. ಆ ಚುಪ್ ಏನೆಂದು ಅವನಿಗೆ ಗೊತ್ತು. ಎಂಜಿನ್ ಉಸಿರೆಳೆಯುವುದು ತಾನು ತಿರುಗಬೇಕಾದ ಕಡೆಗೆ ತಿರುಗಿದಾಗ ಮಾತ್ರ. ಕುರ್ಚಿ ಎಳೆದುಕೊಂಡು ಕೂತ. ಎಂಜಿನ್ನಿನ ಹಿಂದಿನ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದ. ಎರಡು ವರ್ಷದ ಹಿಂದೆ ಮಾಡಬೇಕಿದ್ದ ಕೆಲಸ.

ಮುಚ್ಚಳದ ಒಳಮೈಯಲ್ಲಿ ನಂಬರ್ ಒತ್ತಿತ್ತು. ಹನ್ನೊಂದು. ಅದನ್ನು ಮಾಡಿದ ಕಾರ್ಖಾನೆಯವರು ಮೊದಮೊದಲ ಎಂಜಿನ್ನುಗಳಿಗೆ ಮಾತ್ರ ನಂಬರನ್ನು ಒಳಗೆ ಹಾಕುತ್ತಿದ್ದರೆಂದು ಅವನೇ ಕ್ಲಬ್ಬಿನಲ್ಲಿ ನೂರು ಸಲ ಭಾಷಣ ಮಾಡಿದ್ದ. ನಕಲಲ್ಲ. ಅವನು ಜನ್ಮದಲ್ಲಿ ಮುಟ್ಟಿದ ಎಂಜಿನ್ನುಗಳಲ್ಲೆಲ್ಲ ಹಳೆಯದು. ಒಳಗಿನ ಶಾಫ್ಟ್ ಮಾತ್ರ ಹೊಸದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೇಸ್ತ್ರಿಯೇ ಲೇಥಿನಲ್ಲಿ ಕಡೆದದ್ದು. ಗಾಳಿ ಬರುವ ಕಿಂಡಿಯನ್ನು ಎಂಜಿನ್ ಉಲ್ಟಾ ತಿರುಗುವ ಹಾಗೆ ಕೊರೆದಿದ್ದರು. ಉಲ್ಟಾ ತಿರುಗಿದರೆ ವಿಮಾನ ಬಲಕ್ಕೆ ಎಳೆಯುತ್ತದೆ. ಎಂಜಿನ್ ಎಡಕ್ಕೆ ವಾಲಲೇಬೇಕು. ಪ್ರೊಪೆಲ್ಲರ್ ಹಾಗೇ ಕೆತ್ತಬೇಕು. ಅಣ್ಣ ಜೋಡಿಸಿದ ಹಾಗೆ ಬಿಟ್ಟಿದ್ದರೆ ಅದು ಈ ಜನ್ಮದಲ್ಲಿ ನೆಲ ಬಿಡುತ್ತಿರಲಿಲ್ಲ.

ದೇವರು ಎರಡು ಕಣ್ಣು ಕೊಟ್ಟದ್ದು ಎರಡನೇ ಸಲವೂ ನೋಡಲಿ ಅಂತ ಎನ್ನುತ್ತಿದ್ದಳು ನಮ್ಮಜ್ಜಿ. ಬೆಳಗಾಗುವವರೆಗೂ ಅಣ್ಣ ಆ ಕುರ್ಚಿಯಿಂದ ಏಳಲಿಲ್ಲ.

ಶನಿವಾರ ಮೇಸ್ತ್ರಿಯ ಮನೆಯ ಬಾಗಿಲಿಗೆ ಹೋದ. "ಆ ಪ್ರೊಪೆಲ್ಲರ್ ಕೊಡಿ, ಅಮ್ಮ."

ಆಕೆ ತಂದುಕೊಟ್ಟರು. ಒಳಗೆ ಬಾ ಅನ್ನಲಿಲ್ಲ.

"ಮೇಸ್ತ್ರಿಗಳು ಎಡಗೈಯವರಾ?"

"ಬರೆಯೋದು, ಮೊಳೆ ಹೊಡೆಯೋದು, ಸಿಟ್ಟು ಬಂದ್ರೆ ಬಾಗಿಲು ಗುದ್ದೋದು... ಎಲ್ಲ ಎಡಗೈಲೇ. ಯಾಕೆ?"

"ಏನಿಲ್ಲ."

ಬೀಸುವ ಕೈಗೆ ತಕ್ಕ ಹಾಗೆ ಎಂಜಿನ್ನನ್ನೇ ತಿರುಗಿಸಿಕೊಂಡ ಮನುಷ್ಯ! ಅಂಥವನಿಗೆ ಎಡ ಬಲ ಕಲಿಸಲು ಹೊರಟಿದ್ದ ನಮ್ಮಣ್ಣ.

ಭಾನುವಾರ ಬೆಳಗ್ಗೆ ಮೈದಾನದಲ್ಲಿ ಜನ ಸೇರಿದರು. ಮೇಸ್ತ್ರಿಯ ಹೆಂಡತಿ ಹಗ್ಗದ ಆಚೆ ನಿಂತಿದ್ದರು. ಯಾರಿಗೂ ಏನೂ ಹೇಳದೆ ಹಾರಿಸಿ ಮುಗಿಸಿಬಿಡೋಣ ಎಂದು ಅಣ್ಣನ ಲೆಕ್ಕ. ಕ್ಲಬ್ಬಿನ ಕಾರ್ಯದರ್ಶಿ ಬಿಡಬೇಕಲ್ಲ. ಬಗ್ಗಿ ನೋಡಿ ಕೂಗಿದ:

"ಏನಣ್ಣಾ, ಇದು ಎಡಕ್ಕೆ ವಾಲಿದೆ! ಒಂದೇ ನೋಟಕ್ಕೆ ಕಾಣಲಿಲ್ವಾ, ಅಥವಾ ಕಾಗದದ ಮೇಲಿಡೋ ಮಾಲು, ಹೇಗಿದ್ರೂ ನಡೆಯುತ್ತೆ ಅಂತಾನಾ?"

ಅದೇ ಹದಿನೈದು ಜನ ನಕ್ಕರು. ನಗುವವರಿಗೇನು, ಯಾರ ಮೇಲಾದರೂ ಆಗುತ್ತದೆ. ಮೇಸ್ತ್ರಿ ಮಾಡಿದ ತಪ್ಪು, ಸತ್ತವರದ್ದು ಅಂತ ಹಾಗೇ ಬಿಟ್ಟೆ ಎಂದುಬಿಟ್ಟರೆ ಅಣ್ಣನ ಹೆಸರು ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತಂತೆ. ಅಷ್ಟರಲ್ಲಿ ಎಡಗಿವಿಯ ಹತ್ತಿರ ಯಾರೋ ನಿಂತು, ಕೇಳಿಸಿಕೊಳ್ಳಲು ಕಾಯುತ್ತಿರುವ ಹಾಗೆ ಅನ್ನಿಸಿತಂತೆ.

"ಇದು ನಕಲಲ್ಲ" ಎಂದ ಅಣ್ಣ. "ನಂಬರ್ ಒಳಗಿದೆ. ಹನ್ನೊಂದು. ನಾನು ಬಿಚ್ಚಿ ನೋಡಿರಲಿಲ್ಲ. ಶಾಫ್ಟ್ ಮೇಸ್ತ್ರಿಗಳೇ ಕಡೆದದ್ದು, ಎಡಗೈಗೆ ತಕ್ಕ ಹಾಗೆ. ವಾಲಿಸಿದ್ದೂ ಸರಿ, ಪ್ರೊಪೆಲ್ಲರೂ ಸರಿ. ತಪ್ಪು ನನ್ನದು."

ನಗು ನಿಂತಿತು. ಮೇಸ್ತ್ರಿಯ ಹೆಂಡತಿ ಹಗ್ಗದ ಆಚೆಯಿಂದಲೇ ಅಂದರು: "ಇಷ್ಟು ಹೇಳೋಕೆ ಅವರು ಸಾಯಬೇಕಾಯ್ತಾ?"

ಅಣ್ಣ ಮಂಡಿಯೂರಿ ಕೂತು, ಎಡಗೈಯ ಬೆರಳಿನಿಂದ ಬೀಸಿದ. ಒಂದೇ ಬೀಸು. ಟ್ರ್‌ರ್‌ರ್... ಎಂದು ಹಿಡಿದುಕೊಂಡಿತು. ರೇಡಿಯೊ ಪೆಟ್ಟಿಗೆಯ ಕಡ್ಡಿ ಆಡಿಸಿ ನೋಡಿದ. ಬಾಲದ ಪಟ್ಟಿ ಎಡಕ್ಕೂ ಬಲಕ್ಕೂ ಹೊರಳಿತು. ಬಿಟ್ಟ. ವಿಮಾನ ದಾರ ಹಿಡಿದು ಎಳೆದ ಹಾಗೆ ನೇರ ಓಡಿ, ನೆಲ ಬಿಟ್ಟಿತು. ಏಳು ನಿಮಿಷ ಹಾರಿತು. ಅಂಥ ಸುತ್ತುಗಳನ್ನು ಅಣ್ಣನ ಕೈಯಲ್ಲಿ ನಾನು ಅದಕ್ಕೂ ಮೊದಲು ಕಂಡಿಲ್ಲ, ಆಮೇಲೂ ಕಂಡಿಲ್ಲ. ಕೊನೆಗೆ ಮೇಸ್ತ್ರಿಯ ಹೆಂಡತಿ ನಿಂತ ಕಡೆಗೇ ಬಂದು, ಅವರ ಕಾಲಿನಿಂದ ಒಂದು ಗೇಣು ದೂರದಲ್ಲಿ ಇಳಿದು ನಿಂತಿತು. ಆಕೆ ವಿಮಾನವನ್ನು ಎತ್ತಿ ಎದೆಗೆ ಒತ್ತಿಕೊಂಡರು. ಸೀರೆಗೆಲ್ಲ ಎಣ್ಣೆ.

ಮಧ್ಯಾಹ್ನ ಅಣ್ಣನ ಜೊತೆ ಅವನ ಮನೆಗೆ ಹೋದೆ. ಅತ್ತಿಗೆ ಸಣ್ಣ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ರೀ, ಇದು ವಿಮಾನದ ಹೊಟ್ಟೆಯೊಳಗೆ ಇರಬೇಕಾದ್ದಲ್ವಾ? ನಿನ್ನೆ ರಾತ್ರಿ ತೆಗೆದು ಚಾರ್ಜಿಗೆ ಹಾಕಿದ್ರಲ್ಲ... ಇಲ್ಲೇ ಬಿಟ್ಟು ಹೋಗಿದ್ದೀರಿ."

ವಿಮಾನದೊಳಗಿನ ಬ್ಯಾಟರಿ ಅದು. ಅದಿಲ್ಲದಿದ್ದರೆ ನೆಲದ ಮೇಲಿರುವವನು ಎಷ್ಟು ಕಡ್ಡಿ ಆಡಿಸಿದರೂ ವಿಮಾನಕ್ಕೆ ಒಂದೂ ಮುಟ್ಟುವುದಿಲ್ಲ. ಅಣ್ಣ ಗೋಡೆಗೆ ಒರಗಿ ಕೆಳಗೆ ಕೂತ. ನಾನು ಬ್ಯಾಟರಿಯನ್ನು ಕೈಗೆತ್ತಿಕೊಂಡು ನೋಡಿದೆ. ಬೆಚ್ಚಗಿತ್ತು. ದಿನಕ್ಕೆರಡು ಹೊತ್ತು ದೇವರ ಮುಂದೆ ಕೂರುವವನು ನಾನು, ಸುಳ್ಳು ಹೇಳಿ ನನಗೇನು ಆಗಬೇಕು? ತಂತಿ ಹಾಗೇ ಸಿಕ್ಕಿಸಿತ್ತು. ಚಾರ್ಜರಿನ ಹಸಿರು ದೀಪ ಉರಿಯುತ್ತಿತ್ತು.