ನಿಲ್ಲಿಸಿದ್ದ ಗಾಡಿ

...ಅಯ್ಯೋ, ಅಲ್ಲಿ ಬೇಡ ಸತ್ಯಭಾಮಾ ಮೇಡಂ! ಗಾಡಿ ಮುಂದೆ ನಿಲ್ಬೇಡಿ, ಈ ಕಡೆ ಬನ್ನಿ. ನೆಲ ಸಮ ಇದೆ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟಿದ್ದೀನಿ, ಎಲ್ಲಾ ಸರಿ... ಆದ್ರೂ ಬನ್ನಿ. ಎಂಟು ತಿಂಗಳಿಂದ ಹೀಗೇ ನಾನು. ಯಾರದೇ ಗಾಡಿ ನಿಲ್ಲಿಸಿದ್ರೂ ಹ್ಯಾಂಡ್‌ಬ್ರೇಕ್ ಮೂರು ಸಲ ಎಳೀತೀನಿ. ಇಳಿದು ನಾಲ್ಕು ಹೆಜ್ಜೆ ಹೋಗಿ ಮತ್ತೆ ವಾಪಸ್ ಬರ್ತೀನಿ. ಏನೋ ಉರುಳಿದ ಹಾಗೆ ಕೇಳ್ಸುತ್ತೆ, ತಿರುಗಿ ನೋಡಿದ್ರೆ ಏನೂ ಇಲ್ಲ.

ಕೂತ್ಕೊಳ್ಳಿ. ಬೇಡ್ವಾ? ಸರಿ, ನಿಂತೇ ಕೇಳಿ.

ಕೋರ್ಟಿಂದ ಬಿಡಿಸ್ಕೊಂಡಿರೋ ಗಾಡಿ, ಮಾರಿಬಿಡಿ ಅಂದೆ. ಕೇಳ್ಲಿಲ್ಲ ನೀವು. ‘ಪಾರ್ಕ್‌ಗೆ ಹಾಕಿದ್ದೆ, ಹ್ಯಾಂಡ್‌ಬ್ರೇಕೂ ಎಳೆದಿದ್ದೆ, ಆದ್ರೂ ಯಾಕೆ ಉರುಳ್ತು ಕಂಡುಹಿಡಿದು ಹೇಳು ಸೀನು’ ಅಂದ್ರಿ. ನನಗೇ ಹೇಳಿದ್ರಲ್ಲ... ಬೆಂಗಳೂರಲ್ಲಿ ಬೇರೆ ಮೆಕ್ಯಾನಿಕ್ ಸಿಗ್ಲಿಲ್ವಾ ನಿಮಗೆ?

ನೋಡಿ, ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲ. ನೀವು ಎಳೆದಿರ್ತೀರಿ, ಚಕ್ರ ಹಿಡಿದಿರಲ್ಲ. ಅದಕ್ಕೇ ಹಿಂದಿನ ದಿನ ಮುಂದಿನ ಚಕ್ರದ ಕೆಳಗೆ ಕಲ್ಲಿಟ್ಟು, ಬೆಳಿಗ್ಗೆ ಬಂದು ಟೈಟ್ ಮಾಡ್ತೀನಿ ಅಂತ ನಿಮ್ಮ ಯಜಮಾನ್ರಿಗೆ, ಮಾಧವ ಸಾರ್‌ಗೆ ಹೇಳಿ ಹೋಗಿದ್ದೆ. ಹೇಳಿದ್ದೆ ಮೇಡಂ!

ಶ್ರೀನಗರದ ಆ ರಸ್ತೆ, ಅಂಥ ಇಳಿಜಾರು... ಆಟೋಮ್ಯಾಟಿಕ್ ಗಾಡಿ ಅಲ್ವಾ, ನೀವು ಬೆಳಿಗ್ಗೆ ಸ್ಟಾರ್ಟ್ ಮಾಡಿ ಮುಂದೆ ಹೋಗೋಕೆ ‘ಡಿ’ಗೆ ಹಾಕಿದ್ರಿ. ಗಾಡಿ ಅಲ್ಲಾಡ್ಲಿಲ್ಲ. ಮತ್ತೆ ಪಾರ್ಕ್‌ಗೆ, ‘ಪಿ’ಗೆ ಹಾಕಿ ಬ್ರೇಕ್ ಎಳೆದ್ರಿ. ಸಾರ್ ಬಂದು, ‘ಕಲ್ಲು ಅಡ್ಡ ಇದೆ ಕಣೇ’ ಅಂತ ಗಾಡಿ ಮುಂದೆ ಬಗ್ಗಿ ಕಲ್ಲು ತೆಗೆದ್ರು...

ಅಳಿ ಮೇಡಂ. ಅತ್ತುಬಿಡಿ.

ಬ್ರೇಕ್ ಹೋದ್ರೂ ‘ಪಿ’ ಹಿಡೀಬೇಕಿತ್ತು, ಅದೇ ಅಲ್ವಾ ನಿಮ್ಮ ಪ್ರಶ್ನೆ? ‘ಪಿ’ ಹಿಡಿಯೋದು ಗೇರ್‌ಬಾಕ್ಸನ್ನ. ಇದು ಫೋರ್‌ವೀಲ್ ಗಾಡಿ, ಗೇರ್‌ಬಾಕ್ಸಿಗೂ ಚಕ್ರಕ್ಕೂ ಮಧ್ಯೆ ಇನ್ನೊಂದು ಡಬ್ಬ ಇದೆ. ಅದರದೇ ಈ ಸಣ್ಣ ಲಿವರ್. ಇದು ನ್ಯೂಟ್ರಲ್‌ಗೆ ಬಿದ್ರೆ ಮುಗೀತು. ಪಾರ್ಕ್‌ಗೆ ಹಾಕಿದ್ರೂ ಚಕ್ರ ಫ್ರೀ. ‘ಡಿ’ಗೆ ಹಾಕಿದ್ರೆ ಬರೀ ಇಂಜಿನ್ ಗುರ್ರ್ ಅನ್ನುತ್ತೆ, ಗಾಡಿ ಹೋಗಲ್ಲ...

ಹೂಂ. ನೀವೂ ಅದನ್ನೇ ಹೇಳ್ತಿದ್ರಿ. ‘ಇಂಜಿನ್ ಕೂಗ್ತು, ಗಾಡಿ ಹೋಗ್ಲಿಲ್ಲ’ ಅಂತ. ಪೊಲೀಸ್‌ನವರಿಗೆ ಹೇಳಿದ್ರಿ, ನಿಮ್ಮ ಮಗ ಸುಶ್ರುತ ಅವ್ರಿಗೆ ಹೇಳಿದ್ರಿ. ಯಾರೂ ನಂಬ್ಲಿಲ್ಲ.

ಸಾರೇ ಯಾವಾಗ್ಲೋ ಲಿವರ್ ಮುಟ್ಟಿರ್ಬೇಕು ಮೇಡಂ. ಇಲ್ಲಾ, ಕೈ ತಾಗಿ... ಯಾಕೆ ಹಾಗೆ ನೋಡ್ತೀರಿ? ಬ್ರೇಕ್ ಇನ್ಸ್‌ಪೆಕ್ಟರ್ ಬಂದು ನೋಡಿದಾಗ ಲಿವರ್ ಸರಿಯಾಗೇ ಇತ್ತು. ಅದಕ್ಕೇ ಅಲ್ವಾ, ತಪ್ಪು ಓಡಿಸಿದವ್ರದ್ದು ಅಂತ ಬರೆದದ್ದು?

...ಏನಾದ್ರೂ ಅನ್ನಿ ಮೇಡಂ. ಬೈಯಿರಿ.

ನಿಮ್ಮ ಕೈಲಿ ಹೋಗದ ಗಾಡಿ ನನ್ನ ಕೈಲಿ ಹೇಗೆ ಹೋಯ್ತು ಅಂತ ತಾನೇ? ಹತ್ತು ಗಂಟೆಗೆ ಬಂದೆ, ಗಾಡಿ ಕಾಂಪೌಂಡಿಗೆ ಗುದ್ದಿ ನಿಂತಿತ್ತು, ಸಾರ್ ಕೆಳಗೆ... ನಾನೇ ಹತ್ತಿ ಹಿಂದಕ್ಕೆ ತೆಗೆದೆ. ನೀವು ಅಲ್ಲೇ ಇದ್ರಿ. ನೋಡ್ತಾನೇ ಇದ್ರಿ. ಆವತ್ತೇ ಗೊತ್ತಿತ್ತಾ ನಿಮಗೆ? ಇಲ್ಲ... ಈಗ? ಈಗ ಗೊತ್ತಾಯ್ತಾ?

ನಾನೇ ಮೇಡಂ. ಬ್ಯಾಟರಿ ಸತ್ತಿತ್ತಲ್ಲ, ಹಿಂದಿನ ದಿನ ಗೇಟಿಂದ ಹೊರಗೆ ತಳ್ಳೋಕೆ ಲಿವರ್ ನ್ಯೂಟ್ರಲ್‌ಗೆ ಹಾಕಿದ್ದು ನಾನೇ. ಹೊಸ ಬ್ಯಾಟರಿ ಕೂರಿಸಿದೆ, ಒಂದು ಫೋನ್ ಬಂತು, ಮಾತಾಡ್ತಾ ಹೊರಟುಹೋದೆ. ವಾಪಸ್ ಹಾಕ್ಲಿಲ್ಲ. ಮಾರನೇ ದಿನ ಹತ್ತಿ ಕೂತ ತಕ್ಷಣ ಕಂಡಿತು. ಸಾರ್ ಇನ್ನೂ ನರಳ್ತಿದ್ರು... ಅವರನ್ನ ಉಳಿಸೋಕೇ ಲಿವರ್ ವಾಪಸ್ ಹಾಕಿದೆ, ದೇವರಾಣೆ! ಸಾರ್ ಉಳೀಲಿಲ್ಲ. ಆಮೇಲೆ ಬಾಯಿ ಬಿಡ್ಲಿಲ್ಲ, ಅಷ್ಟೇ.

ಅಷ್ಟೇ ಅಲ್ಲ...

ಸ್ಟೇಷನ್‌ನಲ್ಲಿ ನನ್ನನ್ನೂ ಕೇಳಿದ್ರು. ‘ಮೇಡಂ ಪಾರ್ಕ್‌ಗೆ ಹಾಕೋದು ಮರೆತಿರ್ಬೇಕು ಸಾರ್, ವಯಸ್ಸಾಯ್ತು ನೋಡಿ’ ಅಂತ ಮೊದಲು ಹೇಳಿದವನು ನಾನು. ನಿಮ್ಮ ಮಗ ಪಕ್ಕದಲ್ಲೇ ಕೂತಿದ್ರು.